ನಿವೃತ್ತಿಗೆ ಥೈಲ್ಯಾಂಡ್: ರೂಪಾಯಿ ಪಿಂಚಣಿದಾರರು ಹಾಕಬೇಕಾದ ಲೆಕ್ಕ

ನಿವೃತ್ತಿಯ ನಂತರ ಎಲ್ಲಿ ನೆಲೆಸುವುದು ಎಂಬ ಪ್ರಶ್ನೆ ಚೆನ್ನೈ ಕನ್ನಡಿಗರಿಗೆ ಹೊಸದೇನಲ್ಲ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿನ ಆಡಳಿತಕ್ಕೇ ಒಳಪಟ್ಟಿತ್ತು. ಓದಿಗೆಂದು, ಸರ್ಕಾರಿ ನೌಕರಿಗೆಂದು, ಬ್ಯಾಂಕಿಗೆಂದು, ವುಡ್‌ಲ್ಯಾಂಡ್ಸ್ ಕೃಷ್ಣರಾಯರಂತೆ ಹೋಟೆಲ್ ಉದ್ಯಮಕ್ಕೆಂದು ಇಲ್ಲಿಗೆ ಬಂದ ನಮ್ಮ ಹಿರಿಯರು ಕೆಲಸದಿಂದ ಬಿಡುಗಡೆಯಾದಾಗ ಊರಿಗೆ ಮರಳಬೇಕೇ, ಇಲ್ಲಿಯೇ ಉಳಿಯಬೇಕೇ ಎಂದು ಯೋಚಿಸಿದವರೇ. ಕೆಲವರು ಉಡುಪಿಗೋ ಮೈಸೂರಿಗೋ ಹೋದರು. ಬಹುಮಂದಿ ಇಲ್ಲಿಯೇ ಉಳಿದರು. ಆನಂತರ ಮಕ್ಕಳಿರುವ ಅಮೆರಿಕವೆಂಬ ಮೂರನೆಯ ದಾರಿಯೊಂದು ತೆರೆದುಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಥೈಲ್ಯಾಂಡ್. ಅಲ್ಪ ಆದಾಯದಲ್ಲಿ ಸುಖವಾಗಿ ಬದುಕಬಹುದಾದ ದೇಶ, ಚೆನ್ನೈಯಿಂದ ವಿಮಾನದಲ್ಲಿ ಮೂರೂವರೆ ಗಂಟೆಗಳ ಹಾದಿ, ಅಕ್ಕಿಯನ್ನೂ ತೆಂಗಿನಕಾಯಿಯನ್ನೂ ಉಣ್ಣುವ ಜನ ಎಂಬ ಮಾತು ಮದುವೆ ಮನೆಗಳ ಪಂಕ್ತಿಯಲ್ಲಿಯೂ ಕೇಳಿಬರುತ್ತಿದೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಅಂಕಿಗಳ ಸಹಿತ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ಈ ಕೀರ್ತಿ ಎಲ್ಲಿಂದ ಬಂದಿತು ಎಂಬುದನ್ನು ನೋಡೋಣ. ಥೈಲ್ಯಾಂಡಿನಲ್ಲಿ ಅಗ್ಗವಾಗಿ ಬದುಕಿದೆವು ಎಂದು ಬರೆದವರು ಬಹುಪಾಲು ಅಮೆರಿಕನ್ನರು, ಇಂಗ್ಲಿಷರು, ಜರ್ಮನರು, ಆಸ್ಟ್ರೇಲಿಯನ್ನರು. ಅವರ ಪಿಂಚಣಿ ಡಾಲರಿನಲ್ಲಿಯೋ ಯೂರೋದಲ್ಲಿಯೋ ಬರುತ್ತದೆ. ಅಮೆರಿಕದಲ್ಲಿ ನಿವೃತ್ತ ಕೆಲಸಗಾರನಿಗೆ ಅಲ್ಲಿನ ಸಾಮಾಜಿಕ ಭದ್ರತಾ ಯೋಜನೆಯಿಂದ ದೊರೆಯುವ ಸರಾಸರಿ ಮೊತ್ತ ತಿಂಗಳಿಗೆ 2,000 ಡಾಲರ್ ಆಸುಪಾಸಿನಲ್ಲಿದೆ. ಡಾಲರಿಗೆ 32 ಬಾಟ್ ಎಂದು ಹಿಡಿದರೆ ಅದು 64,000 ಬಾಟ್ ಆಗುತ್ತದೆ. ಥೈಲ್ಯಾಂಡ್ ಸರ್ಕಾರ ನಿವೃತ್ತರಿಂದ ಅಪೇಕ್ಷಿಸುವ ಮಾಸಿಕ ಆದಾಯ 65,000 ಬಾಟ್. ಕಾಕತಾಳೀಯವೋ ಏನೋ, ಎರಡೂ ಹೆಚ್ಚುಕಡಿಮೆ ಒಂದೇ. ಅವರ ಬರಹಗಳಲ್ಲಿ 'ಅಲ್ಪ ಆದಾಯ' ಎಂದಾಗ ಈ ಅಲ್ಪವನ್ನೇ ನಾವು ಅರ್ಥಮಾಡಿಕೊಳ್ಳತಕ್ಕದ್ದು.

ನಿಯಮಗಳು ಸ್ಥೂಲವಾಗಿ ಹೀಗಿವೆ. ಅರ್ಜಿದಾರರಿಗೆ 50 ವರ್ಷ ತುಂಬಿರಬೇಕು. ಥೈಲ್ಯಾಂಡಿನ ಬ್ಯಾಂಕಿನಲ್ಲಿ ಅವರ ಹೆಸರಿನಲ್ಲಿ 8 ಲಕ್ಷ ಬಾಟ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾಟ್ ಆದಾಯವಿರಬೇಕು, ಅದೂ ಇಲ್ಲವಾದರೆ ವರ್ಷದ ಆದಾಯ ಮತ್ತು ಠೇವಣಿ ಎರಡೂ ಕೂಡಿ 8 ಲಕ್ಷ ಬಾಟ್ ಆಗಬೇಕು. ತಾಯ್ನಾಡಿನಿಂದಲೇ ಪಡೆಯುವ 'ಒ-ಎ' ಎಂಬ ಒಂದು ವರ್ಷದ ವೀಸಾಕ್ಕೆ ಮೊದಲ ಸಲ ಈ ಹಣವನ್ನು ಸ್ವದೇಶದ ಬ್ಯಾಂಕಿನಲ್ಲಿಯೇ ತೋರಿಸಬಹುದು. ಆನಂತರ ಅವಧಿ ವಿಸ್ತರಣೆಗೆ ಹಣ ಥೈಲ್ಯಾಂಡಿನಲ್ಲಿಯೇ ಇರತಕ್ಕದ್ದು. 2019ರಿಂದ ಇನ್ನೊಂದು ಕಟ್ಟುಪಾಡು ಬಂದಿದೆ. ವಿಸ್ತರಣೆ ದೊರೆತ ಮೇಲೂ ಮೂರು ತಿಂಗಳು ಆ 8 ಲಕ್ಷವನ್ನು ಮುಟ್ಟುವಂತಿಲ್ಲ, ವರ್ಷದ ಉಳಿದ ಭಾಗದಲ್ಲಿಯೂ ಅದು 4 ಲಕ್ಷಕ್ಕಿಂತ ಕೆಳಗಿಳಿಯುವಂತಿಲ್ಲ.

ಬಾಟ್ ಒಂದಕ್ಕೆ ಎರಡೂಮುಕ್ಕಾಲು ರೂಪಾಯಿ ಎಂದಿಟ್ಟುಕೊಂಡರೆ 8 ಲಕ್ಷ ಬಾಟ್ ಎಂದರೆ 22 ಲಕ್ಷ ರೂಪಾಯಿ. 65,000 ಬಾಟ್ ಎಂದರೆ ತಿಂಗಳಿಗೆ 1,78,750 ರೂಪಾಯಿ.

ಈಗ ನಮ್ಮ ಮನೆಗಳ ಪಿಂಚಣಿಗೆ ಬರೋಣ. ಖಾಸಗಿ ಕಂಪೆನಿಯಲ್ಲಿ ದುಡಿದು ನಿವೃತ್ತರಾದವರಿಗೆ 1995ರ ನೌಕರರ ಪಿಂಚಣಿ ಯೋಜನೆ ಇದೆ. 2014ರಲ್ಲಿ ನಿಗದಿಯಾದ 15,000 ರೂಪಾಯಿ ವೇತನ ಮಿತಿಯ ಮೇಲೆ, 35 ವರ್ಷಗಳ ಸೇವೆಗೆ, ಅದರ ಸೂತ್ರದಂತೆ ದೊರೆಯುವುದು 7,500 ರೂಪಾಯಿ, ಅರ್ಥಾತ್ 2,700 ಬಾಟ್‌ಗಳಷ್ಟು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದಾಗಿದೆ. ಆ ವರ್ಷ ಏರಿಸಿದ ಶೇಕಡಾ 8.2ರ ಬಡ್ಡಿಯಂತೆ ಪೂರ್ತಿ 30 ಲಕ್ಷ ಇಟ್ಟವರಿಗೆ ತಿಂಗಳಿಗೆ 20,500 ರೂಪಾಯಿ ಬಂದಂತಾಗುತ್ತದೆ. ಬಾಟಿನಲ್ಲಿ ಅದು 7,500ನ್ನೂ ಮುಟ್ಟುವುದಿಲ್ಲ. ಕೇವಲ ಬಡ್ಡಿಯಿಂದಲೇ 65,000 ಬಾಟ್ ಗಳಿಸಬೇಕಾದರೆ ಇದೇ ದರದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಮೀರಿದ ಗಂಟು ಇರಬೇಕು. ಅಷ್ಟಿದ್ದವರು ಅಲ್ಪ ಆದಾಯದ ಲೇಖನವನ್ನು ಓದುತ್ತಾ ಕುಳಿತಿರಲಾರರು!

ಮಧ್ಯಮ ಸ್ಥಿತಿಯ ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾಷ್ಟ್ರೀಕೃತ ಬ್ಯಾಂಕಿನಿಂದ ಅಧಿಕಾರಿಯಾಗಿ ನಿವೃತ್ತರಾದವರೊಬ್ಬರಿಗೆ 60,000 ರೂಪಾಯಿ ಪಿಂಚಣಿ, ಮೇಲೆ ಹೇಳಿದ ಉಳಿತಾಯ ಯೋಜನೆಯಿಂದ 20,500 ರೂಪಾಯಿ ಬರುತ್ತದೆ ಎಂದುಕೊಳ್ಳೋಣ. ಒಟ್ಟು 80,500. ಸ್ವಂತ ಮನೆಯುಳ್ಳ ದಂಪತಿಗಳಿಗೆ ಚೆನ್ನೈಯಲ್ಲಿ ಇದು ಗೌರವದ ಬದುಕಿಗೆ ಸಾಕು. ಬಾಟಿನಲ್ಲಿ ಇದು 29,000ದ ಸುಮಾರು. ಆದಾಯ ಮತ್ತು ಠೇವಣಿ ಕೂಡಿಸುವ ದಾರಿಯಲ್ಲಿ ಹೋದರೆ ಇವರು ಇನ್ನೂ 12 ಲಕ್ಷ ರೂಪಾಯಿಗೂ ಮಿಗಿಲಾದ ಹಣವನ್ನು ಅಲ್ಲಿನ ಬ್ಯಾಂಕಿನಲ್ಲಿ ಇಟ್ಟು ಅರ್ಹರಾಗಬಹುದು. ಆದರೆ ಮನೆಬಾಡಿಗೆ, ಊಟ, ಔಷಧ, ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವ ಖರ್ಚು ಎಲ್ಲವೂ ಆ 29,000 ಬಾಟಿನಲ್ಲಿಯೇ ನಡೆಯಬೇಕು. ಬಾಡಿಗೆಯ ಚಿಂತೆಯಿಲ್ಲದೆ ಇಲ್ಲಿ ಬದುಕುತ್ತಿದ್ದವರು ಅಲ್ಲಿ ಕೈ ಬಿಗಿಹಿಡಿದು ದಿನ ನೂಕಬೇಕಾದೀತು.

ಇದಕ್ಕಿಂತ ಗಂಭೀರವಾದ ಸಂಗತಿ ವಿನಿಮಯ ದರದ್ದು. 2005ರಲ್ಲಿ ಬಾಟ್ ಒಂದಕ್ಕೆ ಸುಮಾರು 1 ರೂಪಾಯಿ 10 ಪೈಸೆ ಇತ್ತು. ಅಂದು 65,000 ಬಾಟ್ ಎಂದರೆ 71,500 ರೂಪಾಯಿ. ಇಂದು ಅದೇ 65,000ಕ್ಕೆ ಅದರ ಎರಡೂವರೆ ಪಟ್ಟು ತೆರಬೇಕು. ನಿವೃತ್ತಿಯೆಂಬುದು ಇಪ್ಪತ್ತು ಇಪ್ಪತ್ತೈದು ವರ್ಷಗಳ ಪಯಣ. ಸರ್ಕಾರಿ ಮತ್ತು ಬ್ಯಾಂಕ್ ಪಿಂಚಣಿಯ ಮೇಲಿನ ತುಟ್ಟಿಭತ್ಯೆಯನ್ನು ಭಾರತದ ಬೆಲೆಯೇರಿಕೆಯನ್ನು ನೋಡಿ ಹೆಚ್ಚಿಸಲಾಗುತ್ತದೆಯೇ ಹೊರತು ಬಾಟಿನ ಬೆಲೆಯನ್ನು ನೋಡಿ ಅಲ್ಲ. ಬಡ್ಡಿಯ ಆದಾಯಕ್ಕಂತೂ ಆ ಭತ್ಯೆಯೂ ಇಲ್ಲ. ಡಾಲರ್ ಪಿಂಚಣಿದಾರರಿಗೂ ವಿನಿಮಯದ ಏರಿಳಿತದ ಬಿಸಿ ತಟ್ಟದೆ ಇಲ್ಲ. ಆದರೆ ರೂಪಾಯಿಯನ್ನು ನಂಬಿ ಹೋದವರಿಗೆ ಕಳೆದ ಎರಡು ದಶಕಗಳಲ್ಲಿ ಅದು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಸಾಗಿದೆ.

ಹಣವಿದ್ದವರಿಗೂ ಅಲ್ಲಿ ದೊರೆಯುವುದು ವರ್ಷ ವರ್ಷದ ಅನುಮತಿಯೇ ಹೊರತು ನೆಲೆಯಲ್ಲ. ಪ್ರತಿವರ್ಷ 1,900 ಬಾಟ್ ಶುಲ್ಕ ಕಟ್ಟಿ ದಾಖಲೆಗಳನ್ನು ಹೊಸದಾಗಿ ಒಪ್ಪಿಸಬೇಕು. 90 ದಿನಗಳಿಗೊಮ್ಮೆ ವಾಸದ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ಮರುಪ್ರವೇಶದ ಪರವಾನಗಿ ಪಡೆಯದೆ ದೇಶ ಬಿಟ್ಟರೆ ವಾಸದ ಅನುಮತಿಯೇ ರದ್ದಾಗುತ್ತದೆ. ಊರಿನಲ್ಲಿ ಯಾರಿಗೋ ಹುಷಾರಿಲ್ಲವೆಂದು ರಾತ್ರೋರಾತ್ರಿ ಹೊರಡುವವರು ಇದನ್ನು ನೆನಪಿಡಬೇಕು. ಸಂಬಳದ ಕೆಲಸ ಮಾಡುವಂತಿಲ್ಲ. ಪರದೇಶದವರ ಹೆಸರಿಗೆ ಭೂಮಿ ಆಗುವುದಿಲ್ಲ. ಬಹುಮಹಡಿ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳಬಹುದಾದರೂ ಇಡೀ ಕಟ್ಟಡದ ಶೇಕಡಾ 49ಕ್ಕಿಂತ ಹೆಚ್ಚು ಪಾಲು ಪರದೇಶದವರದಾಗಿರಕೂಡದು. ಪತ್ನಿಯು ಪತಿಯ ಅವಲಂಬಿತಳಾಗಿ ಇರಬಹುದು. ಆದರೆ ಪತಿ ತೀರಿಕೊಂಡರೆ ಆ ಅನುಮತಿಗೆ ಆಧಾರವೇ ಉಳಿಯದು. ಆಕೆ ತನ್ನ ಹೆಸರಿನಲ್ಲಿ, ತನ್ನ ಹಣದ ಬಲದ ಮೇಲೆ ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು. ಎಪ್ಪತ್ತೈದರ ವಯಸ್ಸಿನಲ್ಲಿ, ಭಾಷೆ ತಿಳಿಯದ ಊರಿನಲ್ಲಿ, ದುಃಖದ ನಡುವೆ ಮಾಡಬೇಕಾದ ಕೆಲಸವಿದು. ದಂಪತಿಗಳು ಕೂತು ಮೊದಲು ಮಾತಾಡಬೇಕಾದದ್ದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ.

ದೀರ್ಘಾವಧಿಯ ವೀಸಾಗಳೂ ಇಲ್ಲದಿಲ್ಲ. 2017ರಲ್ಲಿ ಬಂದ 'ಒ-ಎಕ್ಸ್' ಎಂಬ 10 ವರ್ಷಗಳ ವೀಸಾವನ್ನು 14 ದೇಶಗಳವರಿಗಷ್ಟೇ ಕೊಡಲಾಯಿತು. ಆ ಪಟ್ಟಿಯಲ್ಲಿ ಭಾರತದ ಹೆಸರಿರಲಿಲ್ಲ. 2022ರಲ್ಲಿ ಬಂದ ಮತ್ತೊಂದು 10 ವರ್ಷದ ವೀಸಾದಲ್ಲಿ ನಿವೃತ್ತರ ವರ್ಗಕ್ಕೆ ವರ್ಷಕ್ಕೆ 80,000 ಡಾಲರ್ ಆದಾಯವನ್ನು ಮಾನದಂಡವಾಗಿಟ್ಟರು. ಅದರ ಚರ್ಚೆ ಇಲ್ಲಿ ಅನಾವಶ್ಯಕ.

ಇನ್ನು ಭಾರತದ ಕಡೆಯ ಕಾನೂನುಗಳು. ಇಲ್ಲಿನ ನಿವಾಸಿಯಾಗಿರುವಾಗಲೇ ಆ 22 ಲಕ್ಷವನ್ನು ಒಂದೇ ಆರ್ಥಿಕ ವರ್ಷದಲ್ಲಿ ಕಳುಹಿಸಿದರೆ, 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ 10 ಲಕ್ಷ ಮೀರಿದ ಭಾಗಕ್ಕೆ ಶೇಕಡಾ 20ರಂತೆ 2 ಲಕ್ಷ 40 ಸಾವಿರ ರೂಪಾಯಿಯನ್ನು ಬ್ಯಾಂಕು ತೆರಿಗೆಯಾಗಿ ಸಂಗ್ರಹಿಸುತ್ತದೆ. ಇದನ್ನು ಮುಂದೆ ವರಮಾನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಆದರೆ ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ. ಮಾರ್ಚ್ ಮತ್ತು ಏಪ್ರಿಲ್ ಎಂದು ಎರಡು ವರ್ಷಗಳಿಗೆ ಹಂಚಿ ಕಳುಹಿಸಿದರೆ ಈ ಹೊರೆ ಬಹುಪಾಲು ತಪ್ಪುತ್ತದೆ. ಪರದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಅನಿವಾಸಿಗಳು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವಂತಿಲ್ಲ. ಮೇಲಿನ ಉದಾಹರಣೆಯ 20,500 ರೂಪಾಯಿಗೆ ಹೀಗೆ ಒಂದು ಅಂತ್ಯವಿದೆ ಎಂದಾಯಿತು. ಥೈಲ್ಯಾಂಡಿನಲ್ಲಿ ವರ್ಷಕ್ಕೆ 180 ದಿನ ಇದ್ದವರು ಹೊರಗಿನಿಂದ ತರಿಸಿಕೊಳ್ಳುವ ಆದಾಯದ ವಿಷಯದಲ್ಲಿ 2024ರ ಜನವರಿಯಿಂದ ತೆರಿಗೆ ನಿಯಮ ಬಿಗಿಯಾಗಿದೆ. ಉಭಯ ದೇಶಗಳ ನಡುವೆ ತೆರಿಗೆ ಒಪ್ಪಂದವಿರುವುದರಿಂದ ಲೆಕ್ಕ ಪರಿಶೋಧಕರನ್ನು ಕಂಡೇ ಮುಂದುವರಿಯುವುದು ಲೇಸು.

ಆರೋಗ್ಯದ ಮಾತು. ಬ್ಯಾಂಕಾಕಿನ ದೊಡ್ಡ ಆಸ್ಪತ್ರೆಗಳು ನಿಜಕ್ಕೂ ಉತ್ತಮ, ಆದರೆ ಅಗ್ಗವಲ್ಲ. ಒ-ಎ ವೀಸಾಕ್ಕೆ 30 ಲಕ್ಷ ಬಾಟಿನ ಆರೋಗ್ಯ ವಿಮೆಯನ್ನು 2021ರಿಂದ ಕಡ್ಡಾಯ ಮಾಡಲಾಗಿದೆ. ಎಪ್ಪತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ರಕ್ತದೊತ್ತಡ ಇದ್ದವರಿಗೆ ಅಂತಹ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ಕಂತು ದೊಡ್ಡದು. ಕೇಂದ್ರ ಸರ್ಕಾರದ ನಿವೃತ್ತರಿಗಿರುವ ಸಿಜಿಎಚ್‌ಎಸ್ ಸೌಲಭ್ಯವಾಗಲಿ, 2024ರ ಅಕ್ಟೋಬರ್‌ನಲ್ಲಿ 70 ದಾಟಿದವರಿಗೆಂದು ಆರಂಭವಾದ ಆಯುಷ್ಮಾನ್ ಯೋಜನೆಯ 5 ಲಕ್ಷದ ರಕ್ಷೆಯಾಗಲಿ ಅಲ್ಲಿನ ಆಸ್ಪತ್ರೆಗಳಲ್ಲಿ ನಡೆಯುವುದಿಲ್ಲ. 1978ರಲ್ಲಿ ಶಂಕರ ನೇತ್ರಾಲಯ, 1983ರಲ್ಲಿ ಅಪೋಲೊ ಆರಂಭವಾದ ನಮ್ಮ ಈ ಊರಿಗೇ ಹೊರದೇಶಗಳ ರೋಗಿಗಳು ಚಿಕಿತ್ಸೆಗಾಗಿ ಬರುತ್ತಾರೆಂಬುದನ್ನು ನಾವು ಹಲವು ವೇಳೆ ಮರೆಯುತ್ತೇವೆ.

ಹಾಗೆಂದು ಥೈಲ್ಯಾಂಡನ್ನು ಹಳಿಯುವ ಇರಾದೆ ನಮಗಿಲ್ಲ. ಹಿರಿಯರನ್ನು ಕಂಡರೆ ಕೈಮುಗಿಯುವ ನಾಡದು. ಬ್ಯಾಂಕಾಕಿನ ಸೀಲೋಮ್ ರಸ್ತೆಯ ಮಹಾ ಮಾರಿಯಮ್ಮನ್ ದೇವಾಲಯವನ್ನು 19ನೇ ಶತಮಾನದಲ್ಲಿ ಕಟ್ಟಿದವರು ತಮಿಳರು. ಅಲ್ಲಿನ ರಾಜಮನೆತನದ ಕೆಲವು ವಿಧಿಗಳನ್ನು ಇಂದಿಗೂ ಬ್ರಾಹ್ಮಣ ಪುರೋಹಿತರು ನಡೆಸುತ್ತಾರೆ. ಸಸ್ಯಾಹಾರಿಗಳಿಗೆ ಮಾತ್ರ ಎಚ್ಚರಿಕೆ ಬೇಕು. ತರಕಾರಿ ಪಲ್ಯವೆಂದು ಬಡಿಸಿದ್ದರಲ್ಲಿಯೂ ಮೀನಿನ ರಸ ಬೆರೆತಿರುತ್ತದೆ. 'ಜೇ' ಎಂಬ ಒಂದು ಪದವನ್ನು ಕಲಿತಿದ್ದರೆ ಸಾಕು. ಹಳದಿ ಬಾವುಟದ ಮೇಲೆ ಆ ಅಕ್ಷರವಿರುವ ಅಂಗಡಿಯ ಊಟದಲ್ಲಿ ಮೀನು ಮಾಂಸವಷ್ಟೇ ಅಲ್ಲ, ಹಾಲು ಮೊಟ್ಟೆಯಾಗಲಿ ಈರುಳ್ಳಿ ಬೆಳ್ಳುಳ್ಳಿಯಾಗಲಿ ಇರುವುದಿಲ್ಲ. ನಮ್ಮ ಮಡಿಯ ಅಜ್ಜಿಯರೂ ಬಹುಮಟ್ಟಿಗೆ ಒಪ್ಪುತ್ತಿದ್ದರೇನೋ, ಮಜ್ಜಿಗೆಯ ಕೊರತೆಯೊಂದನ್ನು ಬಿಟ್ಟರೆ. ಉತ್ತರದ ಚಿಯಾಂಗ್ ಮಾಯ್ ನಗರದ ತಂಪು ಹವೆಯನ್ನು ಹೊಗಳುವವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗದ್ದೆ ಕಾಡುಗಳನ್ನು ಸುಡುವುದರಿಂದ ಕವಿಯುವ ಹೊಗೆಯನ್ನು ಹೇಳುವುದಿಲ್ಲ. ಉಬ್ಬಸದವರು ಆ ತಿಂಗಳುಗಳಲ್ಲಿ ಅತ್ತ ಹೋಗದಿರುವುದು ಕ್ಷೇಮ.

ಹಾಗಾದರೆ ಇದು ಯಾರಿಗೆ ಒಗ್ಗುತ್ತದೆ? ಅಮೆರಿಕ ಯೂರೋಪುಗಳಲ್ಲಿ ದುಡಿದು ಅಲ್ಲಿನ ಪಿಂಚಣಿ ಪಡೆಯುತ್ತಿರುವವರಿಗೆ, ಮಗನೋ ಮಗಳೋ ಬ್ಯಾಂಕಾಕಿನಲ್ಲಿಯೇ ನೌಕರಿಯಲ್ಲಿರುವವರಿಗೆ, ದೇಹದಾರ್ಢ್ಯವುಳ್ಳ ಅರವತ್ತರ ಒಳಗಿನವರಿಗೆ ಒಗ್ಗೀತು. ರೂಪಾಯಿ ಪಿಂಚಣಿಯೊಂದನ್ನೇ ನೆಚ್ಚಿದವರು ವರ್ಷಕ್ಕೆ ಒಂದೆರಡು ತಿಂಗಳು ಪ್ರವಾಸಿಗಳಾಗಿ ಹೋಗಿ ಬರುವುದೇ ಮೇಲು. 2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನಗಳ ವಾಸಕ್ಕೆ ಅವಕಾಶ ಕೊಡಲಾಗಿತ್ತು. ಈ ನಿಯಮಗಳು ಪದೇ ಪದೇ ಬದಲಾಗುವುದರಿಂದ ಟಿಕೆಟ್ ತೆಗೆಯುವ ಮುನ್ನ ಚೆನ್ನೈಯಲ್ಲಿರುವ ಥಾಯ್ ದೂತಾವಾಸದ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಯಾವ ದಾರಿ ಹಿಡಿದರೂ ಇಲ್ಲಿನ ಮನೆಯನ್ನು ಮಾರಿ ಹೋಗಬಾರದೆಂಬುದು ನಮ್ಮ ಆಗ್ರಹದ ಸಲಹೆ. ಚೆನ್ನೈಯಲ್ಲಿ ನಮ್ಮ ಮಾತೃಭಾಷೆ ಬೀದಿಯಲ್ಲಿ ಕೇಳದಿರಬಹುದು, ಆದರೆ ಇಲ್ಲಿ ಉಳಿಯಲು ನಾವು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ರಾತ್ರಿ ಸೆಂಟ್ರಲ್ ನಿಲ್ದಾಣದಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮೈಸೂರು.

ಇಷ್ಟನ್ನೂ ತಿಳಿದು ಒ-ಎ ವೀಸಾಕ್ಕೆ ಅರ್ಜಿ ಹಾಕುವವರು ಬ್ಯಾಂಕ್ ದಾಖಲೆ, ವಿಮೆಯ ಪತ್ರ, ಪೊಲೀಸ್ ಇಲಾಖೆಯ ನಡತೆ ಪ್ರಮಾಣಪತ್ರಗಳ ಜೊತೆಗೆ ವೈದ್ಯರ ಪ್ರಮಾಣಪತ್ರವೊಂದನ್ನೂ ಒದಗಿಸಬೇಕು. ಕುಷ್ಠ, ಕ್ಷಯ, ಆನೆಕಾಲು, ಮಾದಕ ವ್ಯಸನ ಮತ್ತು ಮೂರನೇ ಹಂತದ ಸಿಫಿಲಿಸ್ ಇಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿರಬೇಕು. ಕುಟುಂಬ ವೈದ್ಯರ ಬಳಿ ಹೋಗುವಾಗ ಈ ಪಟ್ಟಿಯನ್ನು ಬರೆದುಕೊಂಡೇ ಹೋಗಿ, ಬಾಯಲ್ಲಿ ಹೇಳಲು ಸಂಕೋಚವಾದೀತು.