ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಆಯಿಲ್ ಸೋರ್ತಿದ್ಯಾ?

ಪುರವರ ಊರಿನ ಕಡೆ ಹೊಲದ ಬದು, ಕೆರೆ ಏರಿ, ಕಲ್ಲುದಾರಿ ಎಲ್ಲಕ್ಕೂ ಸ್ಪ್ಲೆಂಡರ್ ಬೈಕೇ. ಅದೂ ಸೆಕೆಂಡ್ ಹ್ಯಾಂಡು. ಇಂಜಿನ್ ಕೆಳಗೆ ಕೆಂಪು ಧೂಳು ಅಂಟಂಟಾಗಿ ಮೆತ್ತಿದ್ರೆ ಆಯಿಲ್ ಸೋರ್ತಿದೆ ಅಂತಲೇ ಲೆಕ್ಕ.

ತೊಟ್ಟಿಕ್ಕೋ ಜಾಗದಲ್ಲೇ ಸೋರಿಕೆ ಅಂದ್ಕೋಬೇಡಿ. ಆಯಿಲ್ ಕೆಳಗಿಳಿಯುತ್ತೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತೆ. ತಣ್ಣಗಿರೋ ಇಂಜಿನ್ನನ್ನ ಡೀಸೆಲ್ ಹಾಕಿ ಬ್ರಷ್ಷಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಮೇಲೆ ಮುಖದ ಪೌಡರ್ ಉದುರಿಸಿ ಒಂದು ಸುತ್ತು ಹೋಗಿ ಬನ್ನಿ. ಬಿಳಿ ಪೌಡರಲ್ಲಿ ಒದ್ದೆ ಗೆರೆ ಎಲ್ಲಿಂದ ಶುರುವಾಗಿದ್ಯೋ, ಕಳ್ಳ ಅಲ್ಲೇ.

ಗೇರ್ ಪೆಡಲ್ ಬುಡ ಒದ್ದೆಯಾ? ಶಾಫ್ಟಿನ ಆಯಿಲ್ ಸೀಲ್ ನೋಡಿ. ಹಳೇ ರಬ್ಬರು ಉಗುರಲ್ಲಿ ಒತ್ತಿದ್ರೂ ಬಗ್ಗಲ್ಲ. ಹೊಸದರ ಒಳಅಂಚಿಗೆ ಆಯಿಲ್ ಸವರಿ ನೇರವಾಗಿ ಕೂರಿಸಿ. ಟ್ಯಾಪೆಟ್ ಮುಚ್ಚಳದಲ್ಲಿ ಸೋರ್ತಿದ್ರೆ ಹೊಸ ಓ-ರಿಂಗ್ ಸಾಕು.

ಸೋರೋದು ಡ್ರೈನ್ ಬೋಲ್ಟಲ್ಲಾದ್ರೆ ವಾಷರ್ ಬದಲಿಸಿ. ಸ್ಪಾನರ್ ಹಿಡಿದು ನೇತಾಡಬೇಡಿ ಮಾರಾಯ್ರೇ, ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಬರುತ್ತೆ! ಗ್ಯಾಸ್ಕೆಟ್ ಪೇಸ್ಟ್ ಮೆತ್ತೋದೂ ಬೇಡ, ಹೆಚ್ಚಾದದ್ದು ಒಳಗುದುರಿ ಆಯಿಲ್ ದಾರೀನೇ ಕಟ್ಟುತ್ತೆ.

ಕೊನೆಗೆ 10ಡಬ್ಲ್ಯೂ30 ಆಯಿಲ್ ಹಾಕಿ. ಗಾಡಿ ಸೆಂಟರ್ ಸ್ಟ್ಯಾಂಡಲ್ಲಿರಲಿ, ಡಿಪ್‌ಸ್ಟಿಕ್ ತಿರುಗಿಸದೆ ಸುಮ್ನೆ ಇಳಿಬಿಟ್ಟು ನೋಡಿ. ಮೇಲಿನ ಗೆರೆ ದಾಟಿದ್ರೆ ಬ್ರೀದರ್ ಪೈಪಲ್ಲಿ ಮತ್ತೆ ಉಗುಳುತ್ತೆ.