ನಿಸ್ತಂತು ಜಾಲದಲ್ಲಿ ರೂಟರ್ ಮತ್ತು ಆಕ್ಸೆಸ್ ಪಾಯಿಂಟ್: ಒಂದು ವಿವೇಚನೆ

ಇತಿಹಾಸದ ವ್ಯಾಸಂಗಕ್ಕೆ ಬೇಕಾದ ಆಕರಗಳು ಇಂದು ಕಪಾಟುಗಳಲ್ಲಿ ಮಾತ್ರ ಉಳಿದಿಲ್ಲ. 1886ರಿಂದ ಪ್ರಕಟವಾಗತೊಡಗಿದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳೂ ಅಂತರಜಾಲದಲ್ಲಿ ದೊರೆಯುತ್ತಿವೆ. ಸ್ವಂತ ಸಂಪರ್ಕವಿಲ್ಲದ ವಿದ್ಯಾರ್ಥಿಗೆ ವಾಚನಾಲಯದ ನಿಸ್ತಂತು ಜಾಲವೇ ಈ ಭಂಡಾರದ ಹೆಬ್ಬಾಗಿಲು. ಆ ಬಾಗಿಲು ಒಂದು ಕೊಠಡಿಯಲ್ಲಿ ತೆರೆದು ಮತ್ತೊಂದರಲ್ಲಿ ಮುಚ್ಚಿದ್ದರೆ ವಿದ್ಯೆಯಲ್ಲಿಯೂ ಪಂಕ್ತಿಭೇದ ಉಂಟಾದಂತೆಯೇ ಸರಿ. ಇಂಥ ಸಂದರ್ಭದಲ್ಲಿ ಮತ್ತೊಂದು ರೂಟರನ್ನು ಕೊಂಡು ಜೋಡಿಸುವುದು ರೂಢಿಯಾಗಿದೆ. ಈ ರೂಢಿ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ಪೂರ್ವೇತಿಹಾಸವನ್ನು ಸ್ಮರಿಸುವುದು ಅವಶ್ಯಕ. ಹವಾಯಿ ವಿಶ್ವವಿದ್ಯಾನಿಲಯದ ವಿದ್ಯಾಕೇಂದ್ರಗಳು ಹಲವು ದ್ವೀಪಗಳಲ್ಲಿ ಹರಡಿದ್ದವು. ಅವುಗಳನ್ನು ಮುಖ್ಯ ಗಣಕಯಂತ್ರಕ್ಕೆ ರೇಡಿಯೋ ಮೂಲಕ ಜೋಡಿಸಲು ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಅಲೋಹಾ ಜಾಲವು 1971ರಲ್ಲಿ ಕಾರ್ಯಾರಂಭ ಮಾಡಿತು. ಎಲ್ಲರೂ ಒಂದೇ ಆಕಾಶಮಾರ್ಗವನ್ನು ಹಂಚಿಕೊಳ್ಳುವುದು, ಇಬ್ಬರ ಸಂದೇಶಗಳು ಡಿಕ್ಕಿಯಾದರೆ ತುಸು ಕಾದು ಮತ್ತೆ ಕಳುಹಿಸುವುದು, ಇದೇ ಅದರ ತತ್ವ. ಅಮೆರಿಕವು 1985ರಲ್ಲಿ ಕೆಲವು ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದ ಇಂಥ ಬಳಕೆಗೆ ತೆರೆಯಿತು. 1997ರಲ್ಲಿ 802.11 ಎಂಬ ಮಾನಕವು ಸಿದ್ಧವಾಯಿತು. ಅದರ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯು 2005ರಲ್ಲಿ ಪರವಾನಗಿಯಿಂದ ಮುಕ್ತವಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗಕ್ಕೆ 2018ರಲ್ಲಿ ಹೊರಾಂಗಣದಲ್ಲಿಯೂ ಅನುಮತಿ ದೊರೆಯಿತು.

ಆಕ್ಸೆಸ್ ಪಾಯಿಂಟ್ ಈ ರೇಡಿಯೋ ಪರಂಪರೆಗೆ ಸೇರಿದ್ದು. ತಂತಿಯಲ್ಲಿ ಬಂದುದನ್ನು ಗಾಳಿಗೂ ಗಾಳಿಯಲ್ಲಿ ಬಂದುದನ್ನು ತಂತಿಗೂ ದಾಟಿಸುವುದಷ್ಟೇ ಅದರ ಕೆಲಸ. ರೂಟರಿನ ವಂಶವೇ ಬೇರೆ. ಎರಡು ಭಿನ್ನ ಜಾಲಗಳ ಗಡಿಯಲ್ಲಿ ನಿಂತು ಯಾವ ಸಂದೇಶ ಎತ್ತ ಹೋಗಬೇಕೆಂದು ನಿರ್ಣಯಿಸುವುದು ಅದರ ಧರ್ಮ. ಸಾಮಾನ್ಯವಾಗಿ ಒಳಗಿನ ಯಂತ್ರಗಳಿಗೆ ವಿಳಾಸಗಳನ್ನು ಹಂಚುವುದೂ, ಹೊರಗೆ ಅವೆಲ್ಲಕ್ಕೂ ಒಂದೇ ವಿಳಾಸವನ್ನು ತೋರಿಸುವುದೂ ಅದರ ಪಾಲಿನವೇ. ಶಾಸನಗಳ ಪರಿಭಾಷೆಯಲ್ಲಿ ಹೇಳುವುದಾದರೆ, ರೂಟರ್ ಎಂಬುದು ಊರ ಗಡಿಯ ಸುಂಕದ ಕಟ್ಟೆ. ಆಕ್ಸೆಸ್ ಪಾಯಿಂಟ್ ಎಂಬುದು ದಾರಿಯ ಅರವಟ್ಟಿಗೆ. ಮನೆಗಳಿಗೆಂದು ಮಾರುವ ಪೆಟ್ಟಿಗೆಯಲ್ಲಿ ರೂಟರ್, ಸ್ವಿಚ್ ಮತ್ತು ಆಕ್ಸೆಸ್ ಪಾಯಿಂಟ್ ಮೂರೂ ಅಡಕವಾಗಿವೆ. ಆದರೆ ಹೆಸರು ಮಾತ್ರ ರೂಟರ್ ಎಂದೇ. ಗೊಂದಲಕ್ಕೆ ಇದೇ ಮೂಲಕಾರಣ.

ಒಂದೇ ಊರಿಗೆ ಎರಡು ಸುಂಕದ ಕಟ್ಟೆಗಳಾದರೆ ಒದಗುವ ಫಲವೇನು? ಎರಡನೆಯ ರೂಟರ್ ತನ್ನ ಹಿಂದೆ ಪ್ರತ್ಯೇಕ ವಿಳಾಸವಲಯವೊಂದನ್ನು ನಿರ್ಮಿಸುತ್ತದೆ. ಆ ಒಳವಲಯದ ಮುದ್ರಣಯಂತ್ರವನ್ನು ಹೊರವಲಯದ ಗಣಕವು ವಿಶೇಷ ಏರ್ಪಾಟಿಲ್ಲದೆ ತಲುಪಲಾರದು. ಒಂದು ಕೊಠಡಿಯಿಂದ ಮತ್ತೊಂದಕ್ಕೆ ನಡೆದುಹೋದ ವಾಚಕನ ಯಂತ್ರಕ್ಕೆ ವಿಳಾಸವೇ ಬದಲಾಗಿ, ನಡೆಯುತ್ತಿದ್ದ ಸಂಪರ್ಕ ಕಡಿದುಹೋಗಬಹುದು. ಇನ್ನು ಎರಡೂ ಒಂದೇ ವಲಯದಲ್ಲಿದ್ದು ಪರಸ್ಪರ ಅರಿವಿಲ್ಲದೆ ವಿಳಾಸಗಳನ್ನು ಹಂಚತೊಡಗಿದರಂತೂ ಒಂದೇ ವಿಳಾಸ ಇಬ್ಬರಿಗೆ ಸಲ್ಲುವ ಸಂಭವವುಂಟು. ವ್ಯಾಪ್ತಿ ಹೆಚ್ಚಿದರೂ ವ್ಯವಸ್ಥೆ ಒಡೆದಂತಾಗುತ್ತದೆ.

ಆದಕಾರಣ ಆಯ್ಕೆಯ ಸೂತ್ರವನ್ನು ಹೀಗೆ ನಿರೂಪಿಸಬಹುದು. ಹೊರಗಿನ ಸಂಪರ್ಕ ಒಂದೇ ಆಗಿದ್ದು, ಒಳಗಿನ ಯಂತ್ರಗಳೆಲ್ಲವೂ ಒಂದೇ ಜಾಲದಲ್ಲಿರಬೇಕಾದರೆ ರೂಟರ್ ಒಂದೇ ಸಾಕು. ಸಣ್ಣ ಮನೆಗೆ ಅದರೊಳಗಿನ ಆಕ್ಸೆಸ್ ಪಾಯಿಂಟೇ ಸಾಮಾನ್ಯವಾಗಿ ಸಾಲುತ್ತದೆ. ದಪ್ಪ ಕಲ್ಲುಗೋಡೆಗಳ, ಉದ್ದನೆಯ ಪಡಸಾಲೆಗಳ ಕಟ್ಟಡದಲ್ಲಿ ತರಂಗವು ಗೋಡೆಗೋಡೆಗೂ ಕ್ಷೀಣಿಸುವುದರಿಂದ, ವಾಚಕರು ಕೂರುವೆಡೆಗೆ ಕೇಬಲ್ ಎಳೆದು ಅಲ್ಲಿ ಆಕ್ಸೆಸ್ ಪಾಯಿಂಟ್ ಇಡುವುದೇ ಯುಕ್ತ. ಸಾಧಾರಣ ತಾಮ್ರದ ಈಥರ್‌ನೆಟ್ ಕೇಬಲ್ಲಿನ ಒಂದು ಎಳೆ 100 ಮೀಟರ್ ದೂರದವರೆಗೆ ಸಲ್ಲುತ್ತದೆ. ಅದೇ ಕೇಬಲ್ಲಿನಲ್ಲಿ ವಿದ್ಯುತ್ತನ್ನೂ ಹರಿಸುವ ಮಾನಕವು 2003ರಿಂದ ಇರುವುದರಿಂದ, ಅದಕ್ಕೆ ಹೊಂದುವ ಉಪಕರಣಗಳನ್ನು ಕೊಂಡರೆ ಛಾವಣಿಗೆ ಬೇರೆ ವಿದ್ಯುತ್ ತಂತಿಯೂ ಬೇಡ.

ಹಾಗೆಂದು ಆಕ್ಸೆಸ್ ಪಾಯಿಂಟುಗಳನ್ನು ಎಣಿಕೆಯಿಲ್ಲದೆ ತುಂಬುವುದೂ ಸಲ್ಲದು. ಅಲೋಹಾ ಜಾಲದ ಪಾಠ ಇಲ್ಲಿ ಇಂದಿಗೂ ಅನ್ವಯಿಸುತ್ತದೆ: ಒಂದೇ ಚಾನೆಲ್ಲಿನಲ್ಲಿ ಪರಸ್ಪರ ಕೇಳಿಸುವಷ್ಟು ಹತ್ತಿರವಿರುವವರೆಲ್ಲರೂ ಸರದಿ ಕಾಯಲೇಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳೆಂದು ರೂಢಿಯಲ್ಲಿ ಆಯ್ದುಕೊಳ್ಳುವವು 1, 6 ಮತ್ತು 11. ನೆರೆಹೊರೆಯ ಆಕ್ಸೆಸ್ ಪಾಯಿಂಟುಗಳಿಗೆ ಇವುಗಳನ್ನು ಬೇರೆಬೇರೆಯಾಗಿ ಹಂಚಿ, ಹೆಸರು ಮತ್ತು ಗುಪ್ತಪದಗಳನ್ನು ಎಲ್ಲೆಡೆ ಒಂದೇ ಆಗಿ ಇಡಬೇಕು.

ಕೈಯಲ್ಲಿ ಹಳೆಯ ರೂಟರ್ ಇದ್ದರೆ ಅದೂ ವ್ಯರ್ಥವಲ್ಲ. ಅದಕ್ಕೆ ಜಾಲದಲ್ಲಿ ಬೇರಾರಿಗೂ ಇಲ್ಲದ ವಿಳಾಸವನ್ನು ಕೊಟ್ಟು, ವಿಳಾಸ ಹಂಚುವ ಕಾರ್ಯವನ್ನು ನಿಲ್ಲಿಸಿ, ಕೇಬಲ್ಲನ್ನು ಒಳಜಾಲದ ರಂಧ್ರಕ್ಕೇ ಸೇರಿಸಿದರೆ ಸುಂಕದ ಕಟ್ಟೆಯೇ ಅರವಟ್ಟಿಗೆಯಾಗುತ್ತದೆ. ಹಣ ವೆಚ್ಚ ಮಾಡುವ ಮುನ್ನ ಸಂಸ್ಥೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮಗೆ ಬೇಕಾಗಿರುವುದು ಹೊಸ ಗಡಿಯೋ, ಇರುವ ಗಡಿಯೊಳಗೆ ಇನ್ನೊಂದು ಬಾಗಿಲೋ? ವಾಚನಾಲಯಗಳ ಮಟ್ಟಿಗೆ ಉತ್ತರವು ಬಹುತೇಕ ಎರಡನೆಯದೇ ಎಂಬುದು ನಮ್ಮ ಅಭಿಪ್ರಾಯ.