ಲೆಕ್ಕಕ್ಕಿಲ್ಲದ ಬೇಟೆಗಾರರು

ಕೆನಡಾದ ಪಶ್ಚಿಮ ತೀರದಲ್ಲಿ, ವ್ಯಾಂಕೂವರ್ ದ್ವೀಪದ ಪಕ್ಕ ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟಾದ ಜಲಸಂಧಿಯಿದೆ. 1961ರಲ್ಲಿ ಅಲ್ಲಿನ ಮೀನುಗಾರಿಕೆ ಇಲಾಖೆ ಅದರ ದಡದ ಮೇಲೆ ಒಂದು ಮಷಿನ್ ಗನ್ ತಂದು ನಿಲ್ಲಿಸಿತು. ಗುರಿ ಆರ್ಕಾಗಳು, ಅಂದರೆ ಕಿಲ್ಲರ್ ವೇಲ್‌ಗಳು. ಸಾಲ್ಮನ್ ಮೀನನ್ನೆಲ್ಲ ಅವೇ ತಿಂದು ಮುಗಿಸುತ್ತಿವೆ ಎಂಬುದು ಗಾಳ ಹಾಕುವವರ ದೂರು. ಕೊನೆಗೂ ಆ ಗನ್ನಿನಿಂದ ಒಂದು ಗುಂಡೂ ಹಾರಲಿಲ್ಲ. ಈಗ ಅದೇ ಸೀಮೆಯಲ್ಲಿ ಆರ್ಕಾ ನೋಡಲೆಂದೇ ಜನ ದುಡ್ಡು ಕೊಟ್ಟು ದೋಣಿ ಹತ್ತುತ್ತಾರೆ. ತೀರದ ದಕ್ಷಿಣ ಭಾಗದಲ್ಲಂತೂ ಅವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಸಾಲ್ಮನ್ ತಿನ್ನುವ ಆರ್ಕಾ ಅಲ್ಲ. ಸೀಲ್, ಕಡಲ ಸಿಂಹ, ಪಾರ್ಪಸ್‌ಗಳನ್ನು ಬೇಟೆಯಾಡುವ ಆರ್ಕಾ. ಇಂಥದ್ದೊಂದು ಬೇರೆ ಬಳಗವೇ ಇದೆ ಎಂಬುದು ಗನ್ ನಿಲ್ಲಿಸಿದ ಕಾಲಕ್ಕೆ ವಿಜ್ಞಾನಿಗಳಿಗೂ ತಿಳಿದಿರಲಿಲ್ಲ.

ಗನ್ನಿನ ಹಿಂದೆಯೇ ಬಲೆ ಬಂತು. 1964ರಲ್ಲಿ ವ್ಯಾಂಕೂವರ್ ಅಕ್ವೇರಿಯಂ, ಶಿಲ್ಪವೊಂದಕ್ಕೆ ಮಾದರಿ ಬೇಕೆಂದು ಸ್ಯಾಟರ್ನಾ ದ್ವೀಪದ ಬಳಿ ಆರ್ಕಾ ಒಂದಕ್ಕೆ ಈಟಿ ಹೊಡೆಸಿತು. ಅದು ಸಾಯದೆ ಉಳಿಯಿತು. ಮೋಬಿ ಡಾಲ್ ಎಂದು ಹೆಸರಿಟ್ಟು ಸುಮಾರು ಮೂರು ತಿಂಗಳು ಸಾಕಿದರು. ಸಾಕಬಹುದು, ತೋರಿಸಿ ದುಡ್ಡು ಮಾಡಬಹುದು ಎಂದು ಗೊತ್ತಾದದ್ದೇ ತಡ, ಹಿಡಿಯುವ ದಂಧೆ ಶುರುವಾಯಿತು.

1970ರ ಮಾರ್ಚ್‌ನಲ್ಲಿ ವಿಕ್ಟೋರಿಯಾ ನಗರದ ಹತ್ತಿರದ ಪೆಡರ್ ಕೊಲ್ಲಿಯಲ್ಲಿ ಐದು ಆರ್ಕಾಗಳು ಬಲೆಗೆ ಬಿದ್ದವು. ಒಂದರ ಮೈ ಬಿಳಿ. ಅದನ್ನೂ ಜೊತೆಗೆ ಇನ್ನೊಂದನ್ನೂ ಬೇರೊಂದು ಅಕ್ವೇರಿಯಂಗೆ ಸಾಗಿಸಿದರು. ಉಳಿದ ಮೂರು ಕೊಲ್ಲಿಯಲ್ಲೇ ಸೆರೆ. ಮುಂದೆ ತಾಜಾ ಮೀನು ಎಸೆದರೆ ಅವು ಮೂಸಿಯೂ ನೋಡಲಿಲ್ಲ. ವಾರಗಳು ಉರುಳಿದವು, ಬೆನ್ನಿನ ಕೊಬ್ಬು ಕರಗಿ ಮೂಳೆಯ ಅಂಚು ಎದ್ದು ಕಾಣತೊಡಗಿತು. ಸುಮಾರು 75 ದಿನಗಳ ಉಪವಾಸದ ನಂತರ ಒಂದು ಸತ್ತಿತು. ಆಮೇಲಷ್ಟೇ ಉಳಿದೆರಡು ಸಾಲ್ಮನ್‌ಗೆ ಬಾಯಿ ಹಾಕಿದವು. ಅದೇ ವರ್ಷದ ಶರತ್ಕಾಲದ ಒಂದು ರಾತ್ರಿ ಯಾರೋ ಬಲೆಯ ಮೇಲೆ ಭಾರ ಹೇರಿ ತಗ್ಗಿಸಿದರು, ಎರಡೂ ಪಾರಾದವು. ಕಡಲಿಗೆ ಹೋದ ಮೇಲೆ ಮೀನು ಮರೆತು ಹಳೆಯ ಆಹಾರಕ್ಕೇ ಮರಳಿದವು.

ಆ ಉಪವಾಸಕ್ಕೆ ಕಾರಣ ಹಟವಲ್ಲ, ಅವುಗಳ ಪಾಲಿಗೆ ಮೀನು ಊಟವೇ ಅಲ್ಲ ಎಂಬುದು ಅರ್ಥವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಆ ಒಗಟನ್ನು ಬಿಡಿಸಿದವರು ನನೈಮೊದ ಪೆಸಿಫಿಕ್ ಬಯಾಲಜಿಕಲ್ ಸ್ಟೇಷನ್ನಿನ ಮೈಕಲ್ ಬಿಗ್. ಅವರು ಮೂಲತಃ ಸೀಲ್ ಅಧ್ಯಯನ ಮಾಡಿದವರು. ಎಷ್ಟು ಆರ್ಕಾ ಹಿಡಿದರೆ ಅಪಾಯವಿಲ್ಲ ಎಂದು ಸರ್ಕಾರಕ್ಕೆ ತಿಳಿಯಬೇಕಿತ್ತು. ಲೆಕ್ಕ ಹಾಕುವ ಕೆಲಸ ಅವರ ಹೆಗಲೇರಿತು. 1971ರಲ್ಲಿ ಲೈಟ್‌ಹೌಸ್ ಕಾವಲುಗಾರರು, ಮೀನುಗಾರರು, ದೋಣಿ ನಡೆಸುವವರಿಗೆಲ್ಲ ಸಾವಿರಾರು ಫಾರಂ ಹಂಚಿದರು: ಇಂಥ ದಿನ ಎಷ್ಟು ಕಂಡಿರಿ, ಬರೆಯಿರಿ. ಸಾವಿರಗಟ್ಟಲೆ ಇವೆ ಎಂದುಕೊಂಡಿದ್ದ ತೀರದಲ್ಲಿ 200ರಿಂದ 350 ಇರಬಹುದು ಎಂಬ ಲೆಕ್ಕ ಸಿಕ್ಕಿತು.

ಆಮೇಲೆ ಬಿಗ್ ಮತ್ತು ಸಂಗಡಿಗರು ಕ್ಯಾಮೆರಾ ಹಿಡಿದರು. ಪ್ರತಿ ಆರ್ಕಾದ ಬೆನ್ನ ರೆಕ್ಕೆಯ ಆಕಾರ, ಅದರ ಅಂಚಿನ ಕಚ್ಚು, ಅದರ ಹಿಂದಿನ ಬೂದು ಪಟ್ಟೆ ಬೇರೆ ಬೇರೆ. ಫೋಟೊ ಜೋಡಿಸುತ್ತ ಹೋದಂತೆ ಕುಟುಂಬಗಳು ಮೂಡಿದವು. ದೊಡ್ಡ ಗುಂಪಿನಲ್ಲಿ ಗಲಗಲ ಸದ್ದು ಮಾಡುತ್ತ ಸಾಲ್ಮನ್ ಹಿಂದೆ ಬರುವವು ‘ರೆಸಿಡೆಂಟ್’ಗಳಾದವು. ಮೂರೋ ನಾಲ್ಕೋ ಸೇರಿಕೊಂಡು ಸದ್ದಿಲ್ಲದೆ ಬಂದು ಹೋಗುವವು ‘ಟ್ರಾನ್ಸಿಯೆಂಟ್’ಗಳಾದವು, ದೊಡ್ಡ ಗುಂಪುಗಳು ಹೊರದಬ್ಬಿದ ಅಲೆಮಾರಿಗಳಿರಬೇಕು ಎಂದೇ ಮೊದಲು ಭಾವಿಸಿದ್ದರು. ಆದರೆ ಎರಡೂ ಬಳಗ ಒಂದೇ ನೀರಿನಲ್ಲಿದ್ದರೂ ಬೆರೆಯುವುದಿಲ್ಲ, ಕೂಡುವುದಿಲ್ಲ, ಒಂದರ ಊಟ ಇನ್ನೊಂದಕ್ಕೆ ಬೇಡ. ಬಿಗ್ 1990ರಲ್ಲಿ ತೀರಿಕೊಂಡರು. ಸೀಲ್ ಬೇಟೆಗಾರರನ್ನು ಈಗ ‘ಬಿಗ್ಸ್ ಆರ್ಕಾ’ ಎಂದೇ ಕರೆಯುತ್ತಾರೆ. ಈ ಎರಡೂ ಬಳಗಗಳನ್ನು ಪ್ರತ್ಯೇಕ ಪ್ರಭೇದಗಳೆಂದು ಪರಿಗಣಿಸಬೇಕೆಂದು 2024ರಲ್ಲಿ ವಿಜ್ಞಾನಿಗಳ ತಂಡವೊಂದು ಸೂಚಿಸಿದೆ.

ಬಿಗ್ಸ್ ಆರ್ಕಾಗಳ ಮೌನಕ್ಕೂ ಕಾರಣವಿದೆ. ಸೀಲ್, ಪಾರ್ಪಸ್‌ಗಳ ಕಿವಿ ನೀರೊಳಗೆ ಬಲು ಚುರುಕು; ಆರ್ಕಾ ಕೂಗಿದರೆ ಊಟ ಕೈತಪ್ಪಿದಂತೆಯೇ. ಹಾಗಾಗಿ ಬಿಗ್ಸ್ ಆರ್ಕಾಗಳು ಬಾಯಿ ಮುಚ್ಚಿ, ಕಿವಿಗೊಟ್ಟು ಸಾಗುತ್ತವೆ. ಮಾತೆಲ್ಲ ಬೇಟೆ ಕೈಗೆ ಸಿಕ್ಕ ಮೇಲೆ. 2002ರಲ್ಲಿ ವೋಲ್ಕರ್ ಡೀಕೆ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ ಪ್ರಯೋಗ ಇನ್ನೂ ಸೊಗಸು. ನೀರೊಳಗೆ ಸ್ಪೀಕರ್ ಇಳಿಸಿ ಆರ್ಕಾಗಳ ಧ್ವನಿ ಕೇಳಿಸಿದರು. ಸೀಲ್ ತಿನ್ನುವವರ ದನಿಗೆ ಸೀಲ್‌ಗಳು ದೂರ ಸರಿದವು. ಊರಿನ ಮೀನು ತಿನ್ನುವವರ ದನಿಗೆ ಕ್ಯಾರೇ ಅನ್ನಲಿಲ್ಲ. ಪರಿಚಯವಿಲ್ಲದ ಅಲಾಸ್ಕಾದ ಮೀನು ತಿನ್ನುವವರ ದನಿಗೆ ಮತ್ತೆ ಬೆದರಿದವು. ವಿಜ್ಞಾನಿಗಳು ಫೋಟೊ ಜೋಡಿಸಿ ಕಂಡುಕೊಂಡ ವ್ಯತ್ಯಾಸ ಸೀಲ್‌ಗಳಿಗೆ ಮೊದಲೇ ಗೊತ್ತಿತ್ತು.

ಆರ್ಕಾ ಹಿಡಿಯುವ ಕಾಲ ಗಡಿಯಾಚೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮುಗಿದದ್ದೂ ಈ ಬಳಗದಿಂದಲೇ. 1976ರ ಮಾರ್ಚ್‌ನಲ್ಲಿ ರಾಜಧಾನಿ ಒಲಿಂಪಿಯಾದ ಬಡ್ ಇನ್ಲೆಟ್‌ನಲ್ಲಿ, ವಿಮಾನ ಹಾರಿಸಿ, ನೀರಲ್ಲಿ ಸಿಡಿಮದ್ದು ಸಿಡಿಸಿ ಆರು ಆರ್ಕಾಗಳನ್ನು ಬಲೆಗೆ ಅಟ್ಟಿದರು. ಅದೇ ಹೊತ್ತಿಗೆ ರಾಜ್ಯಪಾಲರ ಸಹಾಯಕ ರಾಲ್ಫ್ ಮನ್ರೊ ಅಲ್ಲಿ ಹಾಯಿದೋಣಿಯಲ್ಲಿದ್ದರು. ಕಣ್ಣಾರೆ ಕಂಡದ್ದನ್ನು ಅವರು ಬಿಡಲಿಲ್ಲ. ವಿಷಯ ಕೋರ್ಟ್ ಮೆಟ್ಟಿಲೇರಿತು, ಆರ್ಕಾಗಳ ಬಿಡುಗಡೆಯಾಯಿತು. ಅವುಗಳಲ್ಲಿ ಟಿ46 ಎಂಬ ಹೆಣ್ಣು ಮುಂದೆ ಮಕ್ಕಳು ಮೊಮ್ಮಕ್ಕಳ ದೊಡ್ಡ ಸಂಸಾರ ಕಟ್ಟಿತು.

ಆದರೂ 1980ರಲ್ಲಿ ವ್ಯಾಂಕೂವರ್ ದ್ವೀಪದ ಟೆಲಿಗ್ರಾಫ್ ಕೋವ್‌ನಿಂದ ಪ್ರವಾಸಿ ದೋಣಿಗಳು ಹೊರಟಾಗ ನೋಡಲು ಹೋಗುತ್ತಿದ್ದದ್ದು ರೆಸಿಡೆಂಟ್‌ಗಳನ್ನೇ. ಬಿಗ್ಸ್ ಆರ್ಕಾ ಅಪರೂಪ. ಕಾರಣ, ಅವುಗಳ ತಟ್ಟೆ ಬರಿದಾಗಿತ್ತು. ದಶಕಗಳ ಕಾಲ ಸರ್ಕಾರವೇ ಇನಾಮು ಕೊಟ್ಟು ಸೀಲ್ ಕೊಲ್ಲಿಸಿತ್ತು. ಕೆನಡಾ 1970ರಲ್ಲಿ, ಅಮೆರಿಕ 1972ರಲ್ಲಿ ಸೀಲ್‌ಗಳಿಗೆ ಕಾನೂನಿನ ರಕ್ಷಣೆ ಕೊಟ್ಟವು. ಕೆನಡಾದ ಈ ತೀರದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಆಗ ಸುಮಾರು 10,000 ಇದ್ದ ಹಾರ್ಬರ್ ಸೀಲ್‌ಗಳು 2008ರ ಹೊತ್ತಿಗೆ ಲಕ್ಷ ದಾಟಿದವು. ಸೀಲ್ ಹಿಂದೆ ಬೇಟೆಗಾರರೂ ಬಂದರು: 2018ರ ಗಣತಿಗೆ ತೀರದಲ್ಲಿ ಸುಮಾರು 350 ಬಿಗ್ಸ್ ಆರ್ಕಾಗಳಿದ್ದವು. ಇತ್ತ ತೀರದ ದಕ್ಷಿಣ ಭಾಗದ ರೆಸಿಡೆಂಟ್‌ಗಳಿಗೆ ಬೇಕಾದ ಚಿನೂಕ್ ಸಾಲ್ಮನ್ ಬತ್ತುತ್ತಿದೆ. ಅವು 80ಕ್ಕೂ ಕಡಿಮೆ ಉಳಿದಿವೆ.

ಇದರಿಂದ ದೋಣಿಯ ಕ್ಯಾಪ್ಟನ್‌ಗೆ ಹೊಸ ಪರೀಕ್ಷೆ. ವಾಷಿಂಗ್ಟನ್ ನೀರಿನಲ್ಲಿ 2025ರ ಜನವರಿಯಿಂದ ದಕ್ಷಿಣದ ರೆಸಿಡೆಂಟ್‌ಗಳಿಂದ 1,000 ಗಜ ದೂರವಿರಬೇಕು. ಬಿಗ್ಸ್ ಆರ್ಕಾಗಳಾದರೆ 200 ಗಜ ಸಾಕು. ಹತ್ತಿರ ಹೋಗಿ ಗುರುತು ಹಿಡಿಯೋಣವೆಂದರೆ ಅಷ್ಟರಲ್ಲೇ ತಪ್ಪು ನಡೆದುಹೋಗಿರುತ್ತದೆ. ಹಾಗಾಗಿ ದೂರದಿಂದಲೇ ದುರ್ಬೀನು ಹಿಡಿದು ನೋಡಬೇಕು: ರೆಕ್ಕೆಯ ತುದಿ ಚೂಪಾಗಿದೆಯೇ, ಬೂದು ಪಟ್ಟೆ ತುಂಬಿಕೊಂಡಿದೆಯೇ, ಗುಂಪು ಸಣ್ಣದೇ, ಹೆಚ್ಚು ಹೊತ್ತು ಮುಳುಗಿರುತ್ತದೆಯೇ? ಹೌದಾದರೆ ಬಿಗ್ಸ್ ಆರ್ಕಾ. ಎಷ್ಟು ಹಿಡಿಯಬಹುದೆಂಬ ಲೆಕ್ಕಕ್ಕಾಗಿ ಶುರುವಾದ ವಿದ್ಯೆಯನ್ನು ಎಷ್ಟು ದೂರ ನಿಲ್ಲಬೇಕೆಂದು ತಿಳಿಯಲು ಕಲಿಯಬೇಕಾಗಿದೆ.